ಫ್ರೀಡಂ ಪಾರ್ಕ್ ಒಂದೇ ಸಾಲದು: ಗೃಹ ಸಚಿವರಿಗೆ ಮತ್ತು ನಗರ ಪೊಲೀಸ್ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ಮತ್ತು ಬೆಂಗಳೂರು ನಗರ ಪೊಲೀಸ್ ಆಯುಕ್ತರಿಗೆ,

ಬೆಂಗಳೂರಿನಲ್ಲಿ ಧರಣಿ ಕೂರುವುದಿದ್ದರೂ ಘೋಷಣೆ ಕೂಗುವುದಿದ್ದರೂ ಫ್ರೀಡಂ ಪಾರ್ಕ್‌ನಲ್ಲೇ ಆಗಬೇಕು, ಅದಕ್ಕೂ ಪೊಲೀಸರ ಪರವಾನಗಿ ಬೇಕು ಎನ್ನುವ 2021ರ ಆದೇಶವನ್ನು ಬದಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇವೆ. ಆದೇಶ ರದ್ದು ಮಾಡಿ ಕೈತೊಳೆದುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಅದರ ಜಾಗಕ್ಕೆ ಏನು ಬರಬೇಕು, ಠಾಣೆಯ ಮಟ್ಟದಲ್ಲಿ ಅದನ್ನು ಹೇಗೆ ನಡೆಸಬಹುದು ಎಂಬುದನ್ನೂ ಮುಂದೆ ಬರೆದಿದ್ದೇವೆ. ಪ್ರತಿಭಟನೆಯ ಪ್ರಕರಣಗಳನ್ನು ನಡೆಸುವ ವಕೀಲರು ಮತ್ತು ಕಾನೂನು ನೆರವಿನ ಕೆಲಸ ಮಾಡುವವರು ನಾವು. ಯಾವ ಪಕ್ಷದ ಪರವಾಗಿಯೂ ಈ ಪತ್ರ ಬರೆದಿಲ್ಲ.

ಆದೇಶದ ಪೂರ್ತಿ ಹೆಸರು 'ಪ್ರತಿಭಟನೆ, ಪ್ರದರ್ಶನ ಮತ್ತು ಪ್ರತಿಭಟನಾ ಮೆರವಣಿಗೆಗಳ ಪರವಾನಗಿ ಮತ್ತು ನಿಯಂತ್ರಣ (ಬೆಂಗಳೂರು ನಗರ) ಆದೇಶ, 2021'. ಕರ್ನಾಟಕ ಪೊಲೀಸ್ ಕಾಯ್ದೆ 1963ರ 31ನೇ ಸೆಕ್ಷನ್ ಕೊಟ್ಟ ಅಧಿಕಾರದಲ್ಲಿ ಪೊಲೀಸ್ ಆಯುಕ್ತರು ಹೊರಡಿಸಿದ್ದು. ಮೆರವಣಿಗೆಗಳಿಂದ ನಗರದ ಸಂಚಾರ ನಿಂತುಹೋಗುತ್ತದೆ ಎಂದು ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತ್ತು. ಆ ಹಿನ್ನೆಲೆಯಲ್ಲಿ ಆದೇಶ ಬಂತು. ಇದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ ಎಂದು ಹೇಳಿ 2022ರಲ್ಲಿ ಹೈಕೋರ್ಟ್ ಆ ಪ್ರಕರಣವನ್ನು ವಿಲೇವಾರಿ ಮಾಡಿತು. ಅಂದಿನಿಂದ ಯಾವ ಠಾಣೆಗೆ ಅರ್ಜಿ ಹಿಡಿದುಕೊಂಡು ಹೋದರೂ ಸಿಗುವ ಉತ್ತರ ಒಂದೇ: 'ಹೈಕೋರ್ಟ್ ಆರ್ಡರ್ ಇದೆ, ನಮ್ಮ ಕೈಯಲ್ಲಿ ಏನೂ ಇಲ್ಲ.'

ಈ ಉತ್ತರ ಅರ್ಧ ಮಾತ್ರ ನಿಜ. ನ್ಯಾಯಾಲಯ ಜಾರಿ ಮಾಡಿ ಎಂದದ್ದು ನಿಮ್ಮದೇ ಆದೇಶವನ್ನು. 31ನೇ ಸೆಕ್ಷನ್‌ನಡಿ ಆದೇಶ ಮಾಡುವ ಅಧಿಕಾರ ಇರುವವರಿಗೆ ಅದನ್ನು ತಿದ್ದುವ, ಹಿಂಪಡೆಯುವ ಅಧಿಕಾರವೂ ಇರುತ್ತದೆ. ಇರುವ ಆದೇಶವನ್ನು ಪಾಲಿಸಿ ಎಂಬುದಕ್ಕೂ ಮುಂದೆಂದೂ ಬೇರೆ ಆದೇಶ ಮಾಡಕೂಡದು ಎಂಬುದಕ್ಕೂ ವ್ಯತ್ಯಾಸವಿದೆ. ಅನುಮಾನವಿದ್ದರೆ ಕರಡು ತಿದ್ದುಪಡಿಯನ್ನು ಹೈಕೋರ್ಟಿನ ಮುಂದಿಟ್ಟು ಸ್ಪಷ್ಟನೆ ಪಡೆಯಬಹುದು. ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸ ಅದು.

ಇನ್ನು ಕಾನೂನಿನ ಮಾತು. ಸಂವಿಧಾನದ 19(1)(ಬಿ) ವಿಧಿ ಶಾಂತಿಯುತವಾಗಿ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು ಕೊಡುತ್ತದೆ. 19(3) ಅದಕ್ಕೆ ಮಿತಿ ಹಾಕಲು ಎರಡೇ ಕಾರಣ ಒಪ್ಪುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ ಒಂದು, ಸಾರ್ವಜನಿಕ ಸುವ್ಯವಸ್ಥೆ ಇನ್ನೊಂದು. ಮಿತಿಯೂ ಸಮಂಜಸವಾಗಿರಬೇಕು. ಬೇರೆಯವರ ಓಡಾಟದ ಹಕ್ಕನ್ನೂ ತೂಗಿ ನೋಡಬೇಕು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬರೀ ಅನನುಕೂಲ ಸುವ್ಯವಸ್ಥೆಯ ಭಂಗ ಆಗುವುದಿಲ್ಲ.

ಪೊಲೀಸರು ಅನುಮತಿ ಕೊಡುವ, ನಿರಾಕರಿಸುವ ಅಧಿಕಾರದ ಬಗ್ಗೆ ಮೊದಲು ಓದಬೇಕಾದ ತೀರ್ಪು ಹಿಮ್ಮತ್‌ಲಾಲ್ ಕೆ. ಶಾ ಪ್ರಕರಣದ್ದು. 1969ರಲ್ಲಿ ಅಹಮದಾಬಾದಿನಲ್ಲಿ ವಿದ್ಯಾರ್ಥಿ ಸಂಘಟನೆಯೊಂದರ ಬೀದಿ ಸಭೆಗೆ ಪೊಲೀಸರು ಅನುಮತಿ ನಿರಾಕರಿಸಿದ್ದರು. ಬಾಂಬೆ ಪೊಲೀಸ್ ಕಾಯ್ದೆಯ 33ನೇ ಸೆಕ್ಷನ್ ಅಡಿ ಮಾಡಿದ ನಿಯಮ ಅವರ ಆಧಾರ. ನಮ್ಮ 31ನೇ ಸೆಕ್ಷನ್ ಅದೇ ಅಚ್ಚಿನದು. 1972ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ನಿಯಮವನ್ನು ರದ್ದು ಮಾಡಿತು. ಬೀದಿಯಲ್ಲಿ ಸಭೆ ನಡೆಸುವುದನ್ನು ನಿಯಂತ್ರಿಸಬಹುದು, ಆದರೆ ಎಲ್ಲ ಬೀದಿ, ಎಲ್ಲ ಸಾರ್ವಜನಿಕ ಸ್ಥಳವನ್ನೂ ಮುಚ್ಚಿಬಿಡುವ ಕಾನೂನು ಮಾಡುವಂತಿಲ್ಲ ಎಂಬುದು ಅದರ ತಿರುಳು. ಯಾವ ಸಂದರ್ಭದಲ್ಲಿ ಅನುಮತಿ ನಿರಾಕರಿಸಬಹುದು ಎಂದು ಹೇಳದೆ ಅಧಿಕಾರಿಯ ಇಷ್ಟಕ್ಕೆ ಬಿಟ್ಟ ನಿಯಮ ನಿಲ್ಲುವುದಿಲ್ಲ ಎಂದೂ ಹೇಳಿತು. ಬೆಂಗಳೂರಿನ ಆದೇಶವನ್ನು ಇದರ ಪಕ್ಕದಲ್ಲಿಟ್ಟು ಓದಿ. ಸಾವಿರಾರು ಕಿಲೋಮೀಟರ್ ರಸ್ತೆ, ನೂರಾರು ಮೈದಾನ, ಪಾರ್ಕು, ವೃತ್ತಗಳಿರುವ ಊರಿನಲ್ಲಿ ಒಂದೇ ಒಂದು ಆವರಣ ಬಿಟ್ಟು ಉಳಿದೆಲ್ಲ ಜಾಗವನ್ನೂ ಅದು ಮುಚ್ಚಿದೆ. ನಿಯಂತ್ರಣ ಎಂದು ಹೆಸರಿದ್ದರೂ ನಿಷೇಧದ ಕೆಲಸ ಮಾಡುತ್ತಿದೆ.

ಇದಕ್ಕೆ ನಿಮ್ಮ ಕಡೆಯಿಂದ ಬರುವ ಗಟ್ಟಿ ವಾದ ಶಾಹೀನ್ ಬಾಗ್ ತೀರ್ಪು. 2020ರ ಅಕ್ಟೋಬರ್ 7ರಂದು ಅಮಿತ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿ ಕೂರುವಂತಿಲ್ಲ, ಪ್ರತಿಭಟನೆ ಗೊತ್ತುಪಡಿಸಿದ ಸ್ಥಳಗಳಲ್ಲೇ ನಡೆಯಬೇಕು ಎಂದಿದೆ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಅಲ್ಲಿ ನ್ಯಾಯಾಲಯದ ಮುಂದಿದ್ದದ್ದು ತಿಂಗಳುಗಟ್ಟಲೆ ಬಂದಾಗಿದ್ದ ದೆಹಲಿಯ ಒಂದು ಮುಖ್ಯ ರಸ್ತೆ. ಪುರಭವನದ ಮೆಟ್ಟಿಲ ಮೇಲೆ ಸಂಜೆ ಒಂದು ಗಂಟೆ ಫಲಕ ಹಿಡಿದು ನಿಲ್ಲುವ ನಲವತ್ತು ಜನರ ಪ್ರಶ್ನೆ ಅಲ್ಲಿ ಬಂದಿರಲಿಲ್ಲ. ತೀರ್ಪು ಹೇಳಿದ್ದೂ ಸ್ಥಳಗಳ ಬಗ್ಗೆ. ಇಡೀ ಊರಿಗೆ ಒಂದೇ ಸ್ಥಳ ಸಾಕು ಎಂದಲ್ಲ. ಅದಕ್ಕೂ ಎರಡು ವರ್ಷ ಮೊದಲು, 2018ರ ಜುಲೈ 23ರಂದು, ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ದೆಹಲಿಯ ಜಂತರ್ ಮಂತರ್ ಮತ್ತು ಬೋಟ್ ಕ್ಲಬ್ ಪ್ರದೇಶದಲ್ಲಿ ಸಂಪೂರ್ಣ ನಿಷೇಧ ಸಲ್ಲದು, ಮಾರ್ಗಸೂಚಿ ಮಾಡಿ ಅವಕಾಶ ಕೊಡಿ ಎಂದು ಪೊಲೀಸರಿಗೆ ಹೇಳಿತ್ತು. ಅಧಿಕಾರ ಕೇಂದ್ರದ ಹತ್ತಿರ ನಿಂತು ಹೇಳಿದರೆ ಮಾತ್ರ ಮಾತು ಮುಟ್ಟುತ್ತದೆ ಎಂಬ ಅರಿವು ಆ ತೀರ್ಪಿನಲ್ಲಿದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2020ರಲ್ಲಿ ಹೊರಡಿಸಿದ 37ನೇ ಸಾಮಾನ್ಯ ವ್ಯಾಖ್ಯೆಯೂ ಇದನ್ನೇ ಹೇಳುತ್ತದೆ: ಯಾರಿಗೆ ಹೇಳಬೇಕೋ ಅವರ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಅಳತೆಯೊಳಗೆ ಜನ ಸೇರಲು ಸಾಧ್ಯವಿರಬೇಕು. ಆ ಸಮಿತಿ ವ್ಯಾಖ್ಯಾನಿಸುವ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರಿಂದ ಸದಸ್ಯ.

ಹಾಗಾದರೆ ಫ್ರೀಡಂ ಪಾರ್ಕ್‌ನಿಂದ ಯಾರಿಗೆ ಕಾಣುತ್ತದೆ? ಶೇಷಾದ್ರಿ ರಸ್ತೆಯ ಹಳೆಯ ಕೇಂದ್ರ ಕಾರಾಗೃಹ ಅದು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಇಟ್ಟಿದ್ದ ಜಾಗ. (ಸೆರೆಮನೆಯ ಗೋಡೆಯೊಳಗೆ ಮಾತ್ರ ಸ್ವಾತಂತ್ರ್ಯ ಎಂಬ ವ್ಯಂಗ್ಯವನ್ನು ನಾವು ಬರೆಯಬೇಕಿಲ್ಲ, ಊರೇ ಆಡಿಕೊಳ್ಳುತ್ತಿದೆ.) ಆ ಆವರಣದ ಒಂದು ಭಾಗದಲ್ಲಿ ಒಂದೇ ದಿನ ಮೂರು ನಾಲ್ಕು ಸಂಘಟನೆಗಳು ಪೆಂಡಾಲ್ ಹಾಕಿ ಕೂತಾಗ ಒಬ್ಬರ ಮೈಕ್ ಇನ್ನೊಬ್ಬರ ಭಾಷಣವನ್ನು ನುಂಗುತ್ತದೆ. ಪೀಣ್ಯದ ಕಾರ್ಮಿಕರ ತಕರಾರು ಪೀಣ್ಯದ ಕಾರ್ಖಾನೆಯ ಮೇಲೆ. ವೈಟ್‌ಫೀಲ್ಡ್‌ನ ಬಡಾವಣೆಯವರ ತಕರಾರು ಅಲ್ಲಿನ ಕೆರೆಯ ಮೇಲೆ. ಅವರು ಗಾಂಧಿನಗರಕ್ಕೆ ಬಂದು ಕೂತರೆ ಕಾರ್ಖಾನೆಯ ಮಾಲೀಕನಿಗೂ ಕಾಣುವುದಿಲ್ಲ, ಕೆರೆ ಒತ್ತುವರಿ ಮಾಡಿದವನಿಗೂ ಕಾಣುವುದಿಲ್ಲ. ಬಂದು ಹೋಗುವುದರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ಸಂಜೆ ಪಾಳಿ ಮುಗಿಸಿ ಗೇಟಿನ ಮುಂದೆ ಅರ್ಧ ಗಂಟೆ ನಿಲ್ಲಬಹುದಾಗಿದ್ದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಈ ಆದೇಶದಡಿ ಆ ಹಕ್ಕು ಇಲ್ಲ.

ಗಾರ್ಮೆಂಟ್ಸ್ ಎಂದಾಗ 2016ರ ಏಪ್ರಿಲ್ ನೆನಪಾಗಬೇಕು. ಭವಿಷ್ಯನಿಧಿಯ ಹಣವನ್ನು 58 ವರ್ಷವಾಗುವವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಸಾವಿರಾರು ಕಾರ್ಮಿಕರು ಇಳಿದರು. ಕರೆ ಕೊಟ್ಟ ನಾಯಕರಿರಲಿಲ್ಲ, ಕರಪತ್ರವಿರಲಿಲ್ಲ, ಅರ್ಜಿಯಂತೂ ಇರಲೇ ಇಲ್ಲ. 19ರಂದೇ ಕೇಂದ್ರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಬಸ್ಸುಗಳು ಸುಟ್ಟವು, ಕಲ್ಲು ತೂರಾಟವಾಯಿತು, ಲಾಠಿ ಬೀಸಿತು, ಅದನ್ನು ಸಮರ್ಥಿಸುತ್ತಿಲ್ಲ. ನಮ್ಮ ಮಾತು ಬೇರೆ. ಇಂಥ ದಿಢೀರ್ ಸೇರುವಿಕೆಗೆ ಪರವಾನಗಿ ಪದ್ಧತಿಯಲ್ಲಿ ಉತ್ತರವೇ ಇಲ್ಲ. ಅರ್ಜಿ ಹಾಕುವ ವ್ಯಕ್ತಿಯೇ ಇಲ್ಲದಾಗ ಯಾರಿಗೆ ಪರವಾನಗಿ ಕೊಡುತ್ತೀರಿ? ನಿಯಮದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲದಿದ್ದರೆ ಸ್ಥಳದಲ್ಲಿರುವ ಇನ್‌ಸ್ಪೆಕ್ಟರ್‌ಗೆ ಉಳಿಯುವ ದಾರಿ ಚದುರಿಸುವುದು ಒಂದೇ. ಗಲಾಟೆ ಹೆಚ್ಚಾಗಿ ಶುರುವಾಗುವುದೂ ಆ ಗಳಿಗೆಯಲ್ಲೇ.

ಸಂಚಾರದ ವಾದವನ್ನೂ ನೋಡೋಣ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆ ಮುಚ್ಚುತ್ತದೆ. ಕರಗದ ರಾತ್ರಿ ಪೇಟೆಯ ಬೀದಿಗಳು ವಾಹನಗಳಿಗೆ ಸಿಗುವುದಿಲ್ಲ. 10ಕೆ ಓಟದ ಬೆಳಿಗ್ಗೆ ನಗರದ ನಡುಭಾಗದಲ್ಲಿ ಬದಲಿ ಮಾರ್ಗ ಪ್ರಕಟವಾಗುತ್ತದೆ. ಇವೆಲ್ಲ ನಡೆಯಬೇಕು, ನಡೆಯಲಿ. ಸಂಚಾರ ಪೊಲೀಸರು ಚೆನ್ನಾಗಿಯೇ ನಿಭಾಯಿಸುತ್ತಾರೆ. ಹಾಗಿದ್ದ ಮೇಲೆ ರಸ್ತೆ ನಿರ್ವಹಿಸುವ ಕೌಶಲ ಇಲಾಖೆಗಿದೆ ಎಂದಾಯಿತು. ಪ್ರತಿಭಟನೆಗೆ ಮಾತ್ರ ಆ ಕೌಶಲ ಯಾಕೆ ಸಿಗುವುದಿಲ್ಲ? ಜನ ಸೇರಿದ್ದಕ್ಕಲ್ಲ, ಸೇರಿ ಏನು ಹೇಳುತ್ತಾರೆ ಎಂಬುದಕ್ಕೆ ಮಿತಿ ಹಾಕಿದಂತೆ ಕಂಡರೆ ಆದೇಶ 19(1)(ಎ), ಅಂದರೆ ಮಾತಿನ ಸ್ವಾತಂತ್ರ್ಯದ ವಿಧಿಯ ಅಡಿಯಲ್ಲೂ ಕಷ್ಟಕ್ಕೆ ಸಿಲುಕುತ್ತದೆ.

ಇನ್ನೊಂದು ಮಾತು, ಬಂದೋಬಸ್ತ್ ಮಾಡಿದ ಯಾವ ಪೇದೆಯನ್ನು ಕೇಳಿದರೂ ಹೇಳುತ್ತಾನೆ: ಬೆಳಿಗ್ಗೆ ಹತ್ತಕ್ಕೆ ಬಂದ ಜನ ಹನ್ನೆರಡರವರೆಗೆ ಶಾಂತವಾಗಿ ಕೂತಿರುತ್ತಾರೆ. ಮನವಿ ಸ್ವೀಕರಿಸಲು ಸಚಿವರು ಬರುತ್ತಾರೆ ಎಂದು ಸುದ್ದಿ ಬರುತ್ತದೆ. ಎರಡಾದರೂ ಯಾರೂ ಬರುವುದಿಲ್ಲ. ಬಿಸಿಲು ಏರಿರುತ್ತದೆ, ನೀರು ಮುಗಿದಿರುತ್ತದೆ, ದೂರದ ಜಿಲ್ಲೆಯಿಂದ ಬಂದವರಿಗೆ ರಾತ್ರಿ ಬಸ್ಸಿನ ಚಿಂತೆ. ಆಗ ವಿಧಾನಸೌಧಕ್ಕೇ ಹೋಗೋಣ ಎಂದು ಒಂದು ಗುಂಪು ಏಳುತ್ತದೆ, ಗೇಟಿನಲ್ಲಿ ಬ್ಯಾರಿಕೇಡ್, ಹೊರಗೆ ರಸ್ತೆ ತಡೆ. ಸಂಚಾರ ನಿಂತದ್ದಕ್ಕೆ ಪ್ರತಿಭಟನೆ ಕಾರಣ ಎಂದು ವರದಿಯಾಗುತ್ತದೆ. ಬೆಳಗಾವಿಯಲ್ಲಿ ಅಧಿವೇಶನ ನಡೆಯುವಾಗ ಸುವರ್ಣಸೌಧದ ಹತ್ತಿರ ಬಸ್ತವಾಡ, ಕೊಂಡಸಕೊಪ್ಪದ ಕಡೆ ಸರ್ಕಾರವೇ ಜಾಗ ಗೊತ್ತುಮಾಡಿ ಟೆಂಟ್ ಹಾಕಿಸುತ್ತದೆ, ಸಚಿವರು ಟೆಂಟಿಗೆ ಹೋಗಿ ಮನವಿ ಪಡೆಯುತ್ತಾರೆ. ಅಲ್ಲೂ ಕೆಟ್ಟ ದಿನಗಳು ಇಲ್ಲದಿಲ್ಲ, 2024ರ ಡಿಸೆಂಬರ್ 10ರ ಲಾಠಿ ಪ್ರಹಾರ ಎಲ್ಲರಿಗೂ ಗೊತ್ತು. ಆದರೂ ಕೇಳುವವರು ಜನರಿದ್ದಲ್ಲಿಗೆ ಬರುವ ಪದ್ಧತಿ ಅಲ್ಲಿ ಇದೆ. ಬೆಂಗಳೂರಿಗೂ ಅದನ್ನು ತನ್ನಿ.

ಈಗ ಎಫ್‌ಐಆರ್‌ಗಳ ವಿಷಯಕ್ಕೆ ಬರೋಣ. ಅತಿ ಹೆಚ್ಚು ತಪ್ಪು ನಡೆಯುತ್ತಿರುವುದು ಇಲ್ಲೇ.

ಫ್ರೀಡಂ ಪಾರ್ಕ್‌ನ ಹೊರಗೆ ಸೇರಿದವರ ಮೇಲೆ ದಾಖಲಾಗುವ ಎಫ್‌ಐಆರ್‌ಗೆ ಒಂದು ಸಿದ್ಧ ನಮೂನೆಯಿದೆ. ಕರ್ನಾಟಕ ಪೊಲೀಸ್ ಕಾಯ್ದೆಯ 103 ಅಂದರೆ 31ನೇ ಸೆಕ್ಷನ್‌ನ ಆದೇಶ ಮೀರಿದ್ದಕ್ಕೆ ಶಿಕ್ಷೆ, ಭಾರತೀಯ ನ್ಯಾಯ ಸಂಹಿತೆಯ 189 ಅಂದರೆ ಅಕ್ರಮ ಕೂಟ, 223 ಅಂದರೆ ಸರ್ಕಾರಿ ಅಧಿಕಾರಿಯ ಆದೇಶ ಉಲ್ಲಂಘನೆ, 285 ಅಂದರೆ ರಸ್ತೆಗೆ ಅಡ್ಡಿ. ಹೆಸರು ಗೊತ್ತಿರುವ ನಾಲ್ವರು, 'ಮತ್ತು ಇತರರು'. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದ ಮೇಲೆ ಇವು ಹಗುರ ಸೆಕ್ಷನ್‌ಗಳಾಗಿ ಉಳಿದಿಲ್ಲ. ಹಳೆಯ ಐಪಿಸಿ 188ರಲ್ಲಿ ಸಾಮಾನ್ಯ ಉಲ್ಲಂಘನೆಗೆ ಒಂದು ತಿಂಗಳ ಸಾದಾ ಸಜೆ ಅಥವಾ 200 ರೂಪಾಯಿ ದಂಡವಿತ್ತು. 223ರಲ್ಲಿ ಅದು ಆರು ತಿಂಗಳು ಅಥವಾ 2,500 ರೂಪಾಯಿ. ಜೀವಕ್ಕೆ ಅಪಾಯ ಅಥವಾ ದೊಂಬಿಗೆ ಎಡೆಮಾಡಿದರೆ ಒಂದು ವರ್ಷದವರೆಗೆ. ರಸ್ತೆ ಅಡ್ಡಿಯ ದಂಡ 200ರಿಂದ 5,000ಕ್ಕೆ ಏರಿದೆ.

ಮೊದಲ ತಪ್ಪು 223ರದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 215ನೇ ಸೆಕ್ಷನ್ ಪ್ರಕಾರ, ಆದೇಶ ಹೊರಡಿಸಿದ ಅಧಿಕಾರಿಯೋ ಅವರ ಮೇಲಧಿಕಾರಿಯೋ ಅವರು ಅಧಿಕಾರ ಕೊಟ್ಟ ಬೇರೆ ಅಧಿಕಾರಿಯೋ ನ್ಯಾಯಾಲಯಕ್ಕೆ ಲಿಖಿತ ದೂರು ಕೊಡದೆ ಈ ಅಪರಾಧದ ವಿಚಾರಣೆ ಶುರುವಾಗುವಂತಿಲ್ಲ. ಹಳೆಯ ಸಿಆರ್‌ಪಿಸಿ 195 ಇದ್ದಾಗಲೇ, 2010ರ ಸಿ. ಮುನಿಯಪ್ಪನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದು ಕಡ್ಡಾಯ, ದೂರಿಲ್ಲದಿದ್ದರೆ ಆ ಆರೋಪದ ವಿಚಾರಣೆ ಮೊದಲಿನಿಂದಲೇ ಅಸಿಂಧು ಎಂದಿದೆ. ಹಾಗಿದ್ದೂ ಠಾಣೆಗಳು ದೋಷಾರೋಪ ಪಟ್ಟಿ ಹಾಕುತ್ತಲೇ ಇವೆ. ಅದನ್ನು ರದ್ದು ಮಾಡಿಸಲು ಆರೋಪಿಗಳು ಹೈಕೋರ್ಟಿಗೆ ಬರಬೇಕು, ಖರ್ಚು ಅವರದು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಐದು ಜನ ಸೇರಿದ ಮಾತ್ರಕ್ಕೆ ಅಕ್ರಮ ಕೂಟವಾಗುವುದಿಲ್ಲ, 189ರಲ್ಲಿ ಹೇಳಿದ ಉದ್ದೇಶಗಳಲ್ಲಿ ಒಂದು ಇರಬೇಕು. ಪೊಲೀಸರು ಹಿಡಿಯುವುದು 'ಬೇರೆ ಅಪರಾಧ ಎಸಗುವ ಉದ್ದೇಶ' ಎಂಬ ಎಳೆಯನ್ನು: ಅನುಮತಿ ಇಲ್ಲದೆ ಸೇರಿದ್ದು ಪೊಲೀಸ್ ಕಾಯ್ದೆಯಡಿ ಅಪರಾಧ, ಹಾಗಾಗಿ ಕೂಟವೇ ಅಕ್ರಮ. ಆದರೆ ನ್ಯಾಯ ಸಂಹಿತೆಯ ವ್ಯಾಖ್ಯಾನದಲ್ಲಿ, 189ರ ಮಟ್ಟಿಗೆ, ವಿಶೇಷ ಕಾಯ್ದೆಯ ಉಲ್ಲಂಘನೆ 'ಅಪರಾಧ' ಎನಿಸಬೇಕಾದರೆ ಅದಕ್ಕೆ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಸಜೆ ಇರಬೇಕು. 103ರ ಯಾವ ಖಂಡ, ಎಷ್ಟು ಸಜೆ ಎಂಬುದನ್ನು ಬರೆಯದೆ 189 ಸೇರಿಸಿದ ಎಫ್‌ಐಆರ್ ಈ ಪರೀಕ್ಷೆಯನ್ನು ದಾಟುವುದಿಲ್ಲ. ಠಾಣಾಧಿಕಾರಿಗಳಿಗೆ ಒಂದು ಪುಟದ ಸುತ್ತೋಲೆ ಹೊರಡಿಸಿದರೆ ಮುಗಿಯುತ್ತದೆ.

ಇವೆಲ್ಲ ಜಾಮೀನು ಸಿಗುವ ಸೆಕ್ಷನ್‌ಗಳೇ. ತೊಂದರೆ ಜೈಲಿನದಲ್ಲ. ಕೆಲಸಕ್ಕೆ ಸೇರುವಾಗಿನ ಪೊಲೀಸ್ ಪರಿಶೀಲನೆಯಲ್ಲಿ 'ಪ್ರಕರಣ ಬಾಕಿ' ಎಂದು ಬರುತ್ತದೆ. ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಅಡಿ ಬರೀ ಎಫ್‌ಐಆರ್ ಅಡ್ಡಿಯಲ್ಲ, ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇರಬೇಕು. ಆದರೆ ಠಾಣೆಯ ವರದಿ ಈ ವ್ಯತ್ಯಾಸ ನೋಡುವುದು ಅಪರೂಪ. ಇಪ್ಪತ್ತರ ಹರೆಯದ ವಿದ್ಯಾರ್ಥಿಗೆ ಒಂದು ಸಂಜೆಯ ಫಲಕ ವರ್ಷಗಟ್ಟಲೆ ಬೆನ್ನು ಹತ್ತುತ್ತದೆ. ತಳ್ಳಾಟವಾದರೆ ನ್ಯಾಯ ಸಂಹಿತೆಯ 132 ಅಂದರೆ ಕರ್ತವ್ಯದಲ್ಲಿರುವ ಸರ್ಕಾರಿ ನೌಕರನ ಮೇಲೆ ಹಲ್ಲೆ ಸೇರುತ್ತದೆ, ಅದಕ್ಕೆ ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಇದನ್ನು ಸೇರಿಸುವ ಮುನ್ನ ಎಸಿಪಿ ದರ್ಜೆಯ ಅಧಿಕಾರಿ ವಿಡಿಯೊ ನೋಡಿ ಸಹಿ ಹಾಕಬೇಕು ಎಂಬ ನಿಯಮ ತರುವುದರಲ್ಲಿ ಯಾರಿಗೂ ನಷ್ಟವಿಲ್ಲ.

ಈ ಆದೇಶದ ಬಿಸಿ ಯಾರಿಗೂ ತಪ್ಪಿಲ್ಲ. 2022ರ ಏಪ್ರಿಲ್‌ನಲ್ಲಿ ಅಂದಿನ ಸಚಿವ ಕೆ.ಎಸ್. ಈಶ್ವರಪ್ಪನವರ ರಾಜೀನಾಮೆಗೆ ಒತ್ತಾಯಿಸಿ ಮುಖ್ಯಮಂತ್ರಿಯ ನಿವಾಸದ ಕಡೆ ಹೊರಟಿದ್ದ ಸಿದ್ದರಾಮಯ್ಯ ಮತ್ತಿತರ ಕಾಂಗ್ರೆಸ್ ನಾಯಕರ ಮೇಲೂ ಪ್ರಕರಣ ದಾಖಲಾಯಿತು. ರದ್ದು ಮಾಡಿ ಎಂದು ಹೋದವರಿಗೆ 2024ರ ಫೆಬ್ರವರಿಯಲ್ಲಿ ಹೈಕೋರ್ಟ್ ತಲಾ 10,000 ರೂಪಾಯಿ ದಂಡ ವಿಧಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇನ್ನೊಂದು ಕಡೆ, ಸರ್ಕಾರಿ ಜಾಗಗಳಲ್ಲಿ ಹತ್ತಕ್ಕಿಂತ ಹೆಚ್ಚು ಜನ ಸೇರಲು ಪೂರ್ವಾನುಮತಿ ಬೇಕು ಎಂಬ 2025ರ ಅಕ್ಟೋಬರ್ 18ರ ಸರ್ಕಾರಿ ಆದೇಶಕ್ಕೆ ಹತ್ತು ದಿನದಲ್ಲೇ ಧಾರವಾಡ ಪೀಠ ತಡೆ ನೀಡಿತು. ಒಂದು ಕಾಲದಲ್ಲಿ ರಸ್ತೆಯಲ್ಲಿದ್ದವರು ಇನ್ನೊಂದು ಕಾಲದಲ್ಲಿ ಆದೇಶ ಬರೆಯುವ ಕುರ್ಚಿಯಲ್ಲಿರುತ್ತಾರೆ. ಪ್ರಕರಣಗಳನ್ನು ಆಮೇಲೆ ಸಂಪುಟದಲ್ಲಿಟ್ಟು ಹಿಂಪಡೆಯುವ ಹಳೆಯ ದಾರಿಯೂ ಸುಗಮವಿಲ್ಲ: 43 ಪ್ರಕರಣ ಹಿಂಪಡೆದ ಸರ್ಕಾರಿ ಆದೇಶವನ್ನು 2025ರ ಮೇ ತಿಂಗಳಲ್ಲಿ ಹೈಕೋರ್ಟ್ ರದ್ದು ಮಾಡಿತು.

ನಿಷೇಧಾಜ್ಞೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅಲ್ಲಿ ಕಾನೂನು ನಿಚ್ಚಳವಾಗಿದೆ. 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ 144ನೇ ಸೆಕ್ಷನ್ ಅಡಿ ಹೊರಡಿಸಿದ ಆದೇಶವನ್ನು, ಆಗಲೇ ಕೊಟ್ಟಿದ್ದ ಅನುಮತಿಗಳನ್ನೂ ನುಂಗಿದ ಆದೇಶವನ್ನು, 2020ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟ್ ಕಾನೂನುಬಾಹಿರ ಎಂದು ಸಾರಿತು. ಕೆಳಗಿನವರ ವರದಿಯನ್ನು ನಕಲು ಮಾಡಿದರೆ ಸಾಲದು, ಅಧಿಕಾರಿ ತಾನೇ ಯೋಚಿಸಿ ಕಾರಣ ಬರೆಯಬೇಕು. ಅದೇ ವರ್ಷದ ಜನವರಿ 10ರ ಸುಪ್ರೀಂ ಕೋರ್ಟಿನ ಅನುರಾಧಾ ಭಾಸಿನ್ ತೀರ್ಪು ಆದೇಶವನ್ನು ಪ್ರಕಟಿಸಬೇಕು, ಮತ್ತೆ ಮತ್ತೆ ಹೊರಡಿಸುವುದು ಅಧಿಕಾರದ ದುರುಪಯೋಗ ಎಂದಿದೆ. ಈಗ 144ರ ಜಾಗದಲ್ಲಿ ಸುರಕ್ಷಾ ಸಂಹಿತೆಯ 163 ಬಂದಿದೆ, ಸರ್ಕಾರ ವಿಸ್ತರಿಸದ ಹೊರತು ಎರಡು ತಿಂಗಳು ಎಂಬ ಮಿತಿ ಹಾಗೇ ಇದೆ. ಜನರನ್ನು ಬಸ್ಸಿಗೆ ಹತ್ತಿಸಿ ಸಂಜೆ ಬಿಡುವ ರೂಢಿಗೆ ಸುರಕ್ಷಾ ಸಂಹಿತೆಯ 172 ಆಧಾರ ಕೊಟ್ಟಿದೆ. ಅಲ್ಲೂ 24 ಗಂಟೆಯ ಗೆರೆಯಿದೆ. ಯಾರನ್ನು, ಎಷ್ಟು ಹೊತ್ತಿಗೆ, ಯಾವ ನಿರ್ದೇಶನ ಮೀರಿದ್ದಕ್ಕೆ ಕರೆದೊಯ್ದಿರಿ ಎಂದು ಠಾಣೆಯ ದಿನಚರಿಯಲ್ಲಿ ಬರೆಯದಿದ್ದರೆ ಅದು ಅಕ್ರಮ ಬಂಧನವೇ.

ಈಗ ನಮ್ಮ ಸಲಹೆ. ಪರವಾನಗಿ ಪದ್ಧತಿ ಕೈಬಿಟ್ಟು ಮುನ್ಸೂಚನೆ ಪದ್ಧತಿ ತನ್ನಿ. ಸಂಘಟಕರು ದಿನ, ಶುರುವಾಗುವ ಮತ್ತು ಮುಗಿಯುವ ಸಮಯ, ಜಾಗ ಅಥವಾ ಮಾರ್ಗ, ಅಂದಾಜು ಸಂಖ್ಯೆ, ಮೈಕ್ ಬಳಸುವರೋ ಇಲ್ಲವೋ, ಜವಾಬ್ದಾರರಿಬ್ಬರ ಹೆಸರು ಮತ್ತು ಫೋನ್ ನಂಬರ್ ಬರೆದು ಠಾಣೆಗೆ ಕೊಡಲಿ. ಕೂತಲ್ಲೇ ನಡೆಯುವ ಸಭೆಗೆ 48 ಗಂಟೆ ಮೊದಲು, ಮೆರವಣಿಗೆಗೆ 72 ಗಂಟೆ ಮೊದಲು. ಐವತ್ತಕ್ಕಿಂತ ಕಡಿಮೆ ಜನ, ಮೈಕ್ ಇಲ್ಲದೆ, ರಸ್ತೆಗೆ ಇಳಿಯದೆ ನಿಲ್ಲುವುದಾದರೆ ಒಂದು ಸಂದೇಶ ಸಾಕು. ಠಾಣೆ ಅಲ್ಲೇ ಮುದ್ರೆ ಹಾಕಿ ಸ್ವೀಕೃತಿ ಕೊಡಬೇಕು. ಈಗ ಆಗುತ್ತಿರುವುದು ಏನೆಂದರೆ, ಅರ್ಜಿ ಡಿಸಿಪಿ ಕಚೇರಿಗೆ, ಅಲ್ಲಿಂದ ಸಂಚಾರ ವಿಭಾಗಕ್ಕೆ, ವಾಪಸ್ ಠಾಣೆಗೆ ಅಲೆದು, ಕಾರ್ಯಕ್ರಮದ ಹಿಂದಿನ ರಾತ್ರಿ ಫೋನಿನಲ್ಲಿ 'ಆಗಲ್ಲ' ಎಂಬ ಮಾತು ಬರುತ್ತದೆ. ಕಾಗದದಲ್ಲಿ ಏನೂ ಇಲ್ಲದ್ದರಿಂದ ನ್ಯಾಯಾಲಯದಲ್ಲಿ ಪ್ರಶ್ನಿಸಲೂ ಆಗುವುದಿಲ್ಲ. ಇದನ್ನು ತಪ್ಪಿಸಲು, ಸೂಚನೆ ಬಂದ 24 ಗಂಟೆಯೊಳಗೆ ಲಿಖಿತ ಹಿಂಬರಹ ಕಡ್ಡಾಯ ಮಾಡಿ. ಹಿಂಬರಹ ಬಾರದಿದ್ದರೆ ಆಕ್ಷೇಪವಿಲ್ಲ ಎಂದೇ ಅರ್ಥ.

ಆಕ್ಷೇಪವಿದ್ದರೆ ಕಾರಣ ನಿರ್ದಿಷ್ಟವಾಗಿರಲಿ. 'ಕಾನೂನು ಸುವ್ಯವಸ್ಥೆ ದೃಷ್ಟಿಯಿಂದ' ಎಂಬ ಒಂದು ಸಾಲು ಕಾರಣವಲ್ಲ. ಅದೇ ಸಮಯಕ್ಕೆ ಅದೇ ರಸ್ತೆಯಲ್ಲಿ ಬೇರೆ ಕಾರ್ಯಕ್ರಮವಿದೆ, ಆ ಮಾರ್ಗದಲ್ಲಿ ಆಸ್ಪತ್ರೆಯ ತುರ್ತು ಬಾಗಿಲಿದೆ, ಆ ಜಾಗಕ್ಕೆ ಇಷ್ಟು ಜನ ಹಿಡಿಸುವುದಿಲ್ಲ, ಇಂಥವು ಕಾರಣ. ನಿರಾಕರಿಸುವ ಮುನ್ನ ಸಮಯ ಬದಲಿಸುವುದು, ಮಾರ್ಗ ಮೊಟಕು ಮಾಡುವುದು, ಎದುರು ಫುಟ್‌ಪಾತಿಗೆ ಸರಿಸುವುದು ಸಾಧ್ಯವೇ ಎಂದು ನೋಡಿರಬೇಕು, ನೋಡಿದ್ದನ್ನು ಬರೆದಿರಬೇಕು. ಮೇಲ್ಮನವಿ ಪೊಲೀಸ್ ಇಲಾಖೆಯ ಹೊರಗಿನ ಅಧಿಕಾರಿಗೆ ಹೋಗಲಿ, ಒಂದೇ ದಿನದಲ್ಲಿ ತೀರ್ಮಾನವಾಗಲಿ. ಲಕ್ಷಗಟ್ಟಲೆ ಮೊತ್ತದ ಮುಚ್ಚಳಿಕೆ ಬರೆಸಿಕೊಳ್ಳುವುದು ನಿಲ್ಲಲಿ. ಆಸ್ತಿ ಹಾನಿಗೆ ಬೇರೆ ಕಾನೂನುಗಳಿವೆ, ಹಾನಿ ಮಾಡಿದವರಿಂದಲೇ ವಸೂಲಿ ಮಾಡಲು 2009ರ ಸುಪ್ರೀಂ ಕೋರ್ಟ್ ಮಾರ್ಗಸೂಚಿಯೂ ಇದೆ.

ಜಾಗದ ವಿಷಯ. 2025ರ ಸೆಪ್ಟೆಂಬರ್‌ನಿಂದ ನಗರಕ್ಕೆ ಐದು ಪಾಲಿಕೆಗಳಿವೆ. ಪ್ರತಿ ಪಾಲಿಕೆಯಲ್ಲಿ ಕನಿಷ್ಠ ಎರಡು ಜಾಗ ಗುರುತಿಸಿದರೆ ಹತ್ತು. ಪುರಭವನದ ಮೆಟ್ಟಿಲು, ಮೈಸೂರು ಬ್ಯಾಂಕ್ ವೃತ್ತ, ಮೌರ್ಯ ವೃತ್ತದ ಗಾಂಧಿ ಪ್ರತಿಮೆಯ ಹತ್ತಿರದ ಜಾಗ ದಶಕಗಳಿಂದ ಜನ ಸೇರುವ ಸ್ಥಳಗಳು. ಅವನ್ನು ಸಣ್ಣ ಸಭೆಗಳಿಗಾದರೂ ತೆರೆಯಿರಿ. ಪ್ರತಿ ಜಾಗಕ್ಕೆ ಎಷ್ಟು ಜನ ಹಿಡಿಸುತ್ತಾರೆ ಎಂಬುದನ್ನು ಅಳೆದು ಪ್ರಕಟಿಸಿ. ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರು, ನೆರಳು ಇಲ್ಲದ ಜಾಗವನ್ನು ಪಟ್ಟಿಗೆ ಸೇರಿಸಬೇಡಿ. ಪಟ್ಟಿಯಲ್ಲಿರುವ ಜಾಗಕ್ಕೆ ಸೂಚನೆ ಸಾಕು. ಪಟ್ಟಿಯಲ್ಲಿಲ್ಲದ ಜಾಗ ನಿಷಿದ್ಧವಲ್ಲ, ಅದನ್ನು ಒಂದೊಂದಾಗಿ ಪರಿಶೀಲಿಸಿ. ಮೈಕಿಗೆ 2000ದ ಶಬ್ದಮಾಲಿನ್ಯ ನಿಯಮಗಳು ಆಗಲೇ ಇವೆ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಲ್ಲ, ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹೊಸ ನಿಯಮ ಬೇಕಿಲ್ಲ.

ದಿಢೀರ್ ಪ್ರತಿಭಟನೆಗೆ ಒಂದು ಪ್ರತ್ಯೇಕ ಖಂಡ ಬರೆಯಿರಿ. ಸೂಚನೆ ಕೊಡಲಿಲ್ಲ ಎಂಬುದೊಂದೇ ಕಾರಣಕ್ಕೆ ಶಾಂತಿಯುತ ಗುಂಪನ್ನು ಚದುರಿಸಕೂಡದು, ಎಫ್‌ಐಆರ್ ಹಾಕಕೂಡದು. ಸ್ಥಳದ ಅಧಿಕಾರಿ ಮಾತನಾಡಲು ಇಬ್ಬರನ್ನು ಗುರುತಿಸಿ, ಒಂದು ಪಥ ಅಂದರೆ ಮೂರೂವರೆ ಮೀಟರ್ ಆಂಬುಲೆನ್ಸಿಗೆ ಬಿಡಿಸಿ, ಸಮಯ ಗೊತ್ತುಮಾಡಿ, ಅದನ್ನು ಮೀರಿದರೆ ಮೂರು ಸಲ ಕನ್ನಡದಲ್ಲಿ ಮೈಕಿನಲ್ಲಿ ಎಚ್ಚರಿಕೆ ಕೊಟ್ಟು, ಹೊರಡಲು ಸಾಕಷ್ಟು ಹೊತ್ತು ಬಿಟ್ಟು, ಆಮೇಲೆ ಸುರಕ್ಷಾ ಸಂಹಿತೆಯ 148ರ ಪ್ರಕಾರ ಚದುರಿಸಲಿ. ಹೊರಹೋಗುವ ದಾರಿ ತೆರೆದಿರಲಿ. ನಾಲ್ಕೂ ಕಡೆ ಬ್ಯಾರಿಕೇಡ್ ಹಾಕಿ ಹೋಗಿ ಎಂದರೆ ಕಾಲ್ತುಳಿತಕ್ಕೆ ದಾರಿ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು 11 ಜೀವ ಹೋದ ಮೇಲೆ ಜನಸಂದಣಿ ನಿಯಂತ್ರಣದ ಮಸೂದೆ ಬಂತು. ವಿಜಯೋತ್ಸವದ ನೂಕುನುಗ್ಗಲಿಗೂ ಬೇಡಿಕೆ ಹಿಡಿದು ಕೂತ ಧರಣಿಗೂ ಒಂದೇ ಅಳತೆಗೋಲು ಹಿಡಿಯಬೇಡಿ ಎಂಬುದು ಅದರ ಬಗ್ಗೆ ನಮ್ಮ ಒಂದೇ ಮಾತು.

ಸಂಘಟಕರಿಗೂ ಕೆಲಸವಿದೆ, ಅದನ್ನು ನಿಯಮದಲ್ಲೇ ಬರೆಯಿರಿ. ಐವತ್ತು ಜನಕ್ಕೆ ಒಬ್ಬ ಸ್ವಯಂಸೇವಕ, ತೋಳಿಗೆ ಪಟ್ಟಿ. ಹೊರಜಿಲ್ಲೆಯ ಬಸ್ಸುಗಳು ಒಂದೇ ಹೊತ್ತಿಗೆ ಮೆಜೆಸ್ಟಿಕ್‌ಗೆ ಬಂದು ಜನರನ್ನು ಇಳಿಸದಂತೆ ಬೇರೆ ಬೇರೆ ಸಮಯ. ಮೆರವಣಿಗೆ ರಸ್ತೆಯ ಎಡ ಅರ್ಧದಲ್ಲಿ. ಗುಂಪಿನಲ್ಲಿ ಒಬ್ಬ ಕಲ್ಲೆಸೆದರೆ ಅವನನ್ನು ತೋರಿಸುವ ಹೊಣೆ ಸಂಘಟಕರದು, ಅವನ ಅಪರಾಧಕ್ಕೆ ಇಡೀ ಗುಂಪನ್ನು ಹೊಣೆ ಮಾಡದಿರುವುದು ಪೊಲೀಸರದು.

ಸರ್ಕಾರದ ಕಡೆಯಿಂದ, ಪ್ರತಿ ಕೆಲಸದ ದಿನ ಮಧ್ಯಾಹ್ನ 12ಕ್ಕೆ ಉಪ ಕಾರ್ಯದರ್ಶಿಗಿಂತ ಕಡಿಮೆಯಲ್ಲದ ಅಧಿಕಾರಿ ಫ್ರೀಡಂ ಪಾರ್ಕಿಗೆ ಬಂದು ಮನವಿಗಳನ್ನು ಪಡೆದು ಸ್ವೀಕೃತಿ ಸಂಖ್ಯೆ ಕೊಡಲಿ. ಯಾವ ಇಲಾಖೆಗೆ ಹೋಯಿತು, ಎಷ್ಟು ದಿನದಲ್ಲಿ ಉತ್ತರ ಎಂಬುದು ಅದರ ಮೇಲಿರಲಿ. ಸಂಚಾರದ ಅರ್ಧ ಸಮಸ್ಯೆ ಇದೊಂದರಿಂದಲೇ ಇಳಿಯುತ್ತದೆ ಎಂಬುದು ನಮ್ಮ ಅಂದಾಜು. ತಿಂಗಳಿಗೊಮ್ಮೆ ಎಷ್ಟು ಸೂಚನೆ ಬಂತು, ಎಷ್ಟಕ್ಕೆ ಆಕ್ಷೇಪ, ಯಾವ ಕಾರಣಕ್ಕೆ ಎಂಬುದನ್ನು ಪೊಲೀಸ್ ಜಾಲತಾಣದಲ್ಲಿ ಹಾಕಿ.

ತಿದ್ದುಪಡಿ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ ಆಕ್ಷೇಪಣೆಗೆ 30 ದಿನ ಕೊಡಿ. ನಮ್ಮ ಕರಡನ್ನು ಖಂಡವಾರು ಬರೆದು ಕಳಿಸಲು ಸಿದ್ಧರಿದ್ದೇವೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಕೆಲಸ ಒಂದಿದೆ. ಜಾಗ ತಪ್ಪಿದ್ದೇ ಆರೋಪವಾಗಿರುವ, ಹಿಂಸೆಯ ಸೊಲ್ಲಿಲ್ಲದ ಎಫ್‌ಐಆರ್‌ಗಳನ್ನು ಠಾಣೆವಾರು ಪಟ್ಟಿ ಮಾಡಿಸಿ. ಒಂದು ವರ್ಷದವರೆಗಿನ ಸಜೆಯ ಅಪರಾಧಕ್ಕೆ ಒಂದು ವರ್ಷ ಕಳೆದ ಮೇಲೆ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ ಎಂದು ಸುರಕ್ಷಾ ಸಂಹಿತೆಯ 514 ಹೇಳುತ್ತದೆ. ವಿಳಂಬ ಮನ್ನಿಸಲು ಕಾರಣ ಬೇಕು, ಈ ಪ್ರಕರಣಗಳಲ್ಲಿ ಹೇಳಲು ಕಾರಣವಿಲ್ಲ. ಅವಧಿ ಮೀರಿದ ಪ್ರಕರಣಗಳಲ್ಲಿ ಅಂತಿಮ ವರದಿ ಹಾಕಿ ಮುಚ್ಚಿ, ಮುಚ್ಚಿದ್ದನ್ನು ಆರೋಪಿಗಳಿಗೆ ಲಿಖಿತವಾಗಿ ತಿಳಿಸಿ. ಪರಿಶೀಲನೆಗೆ ಹೋಗುವ ಯುವಕ ಯುವತಿಯರಿಗೆ ಆ ಒಂದು ಹಾಳೆ ಬೇಕು.

ಇಂತಿ,
ಬೆಂಗಳೂರಿನ ಕೆಲವು ವಕೀಲರು ಮತ್ತು ಕಾನೂನು ನೆರವಿನ ಕಾರ್ಯಕರ್ತರು